ಪಾನೀ ಜನರ ಮಣ್ಣಿನ ಮನೆ ನೋಡಲು ಹೊರಟಿದ್ದೀರಾ?

ಅಮೆರಿಕದ ನೆಬ್ರಾಸ್ಕಾ, ಕ್ಯಾನ್ಸಾಸ್ ಕಡೆ ಇರುವ ನಾವು ರಜೆ ಬಂದರೆ ಸಾಕು, ಕೊಲರಾಡೋ ಬೆಟ್ಟಗಳಿಗೇ ಓಡುತ್ತೇವೆ ಅಲ್ವಾ? ಒಂದು ಸಲ ಕ್ಯಾನ್ಸಾಸ್‌ನ ರಿಪಬ್ಲಿಕ್ ಎಂಬ ಪುಟ್ಟ ಊರಿನ ಹತ್ತಿರವಿರುವ ಪಾನೀ ಇಂಡಿಯನ್ ಮ್ಯೂಸಿಯಂಗೆ ಹೋಗಿ ಬನ್ನಿ. ಪಾನೀ ಎಂದರೆ ಈ ಬಯಲುಸೀಮೆಯ ಮೂಲನಿವಾಸಿ ಜನ. ನೆಬ್ರಾಸ್ಕಾದ ಲಿಂಕನ್‌ನಿಂದ ಎರಡು–ಎರಡೂವರೆ ಗಂಟೆ ದಾರಿ. ಯು.ಎಸ್. 36 ಹೆದ್ದಾರಿಯಿಂದ ಕೆ-266 ರಸ್ತೆಗೆ ತಿರುಗಬೇಕು. ಸುತ್ತಮುತ್ತ ಬರೀ ಹೊಲ. ಬುತ್ತಿ ಕಟ್ಟಿಕೊಳ್ಳಿ, ಕಾರಿಗೆ ಗ್ಯಾಸ್ ಮೊದಲೇ ಹಾಕಿಸಿ. ವಾರವಿಡೀ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ.

ಸುಮಾರು 1820ರ ಒಂದು ಮಣ್ಣಿನ ಮನೆಯ ನೆಲದ ಸುತ್ತಲೇ ಈ ಮ್ಯೂಸಿಯಂ ಕಟ್ಟಿದ್ದಾರೆ. ಮನೆ ಬೆಂಕಿಗೆ ಹೋಗಿತ್ತು. ಕರಕಲಾದ ಮರ, ನಡುವಿನ ಒಲೆ, ಮೆಕ್ಕೆಜೋಳ ತುಂಬಿಡುತ್ತಿದ್ದ ಗುಂಡಿ ಎಲ್ಲ ಅಲ್ಲಲ್ಲೇ ಇವೆ. ಆ ಗುಂಡಿ ಥೇಟ್ ನಮ್ಮ ಹಗೇವು: ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಗಿಲು ಪೂರ್ವಕ್ಕೆ. ಎದುರಿಗೆ ಪಶ್ಚಿಮದಲ್ಲಿ ಕಾಡೆಮ್ಮೆಯ (ಬೈಸನ್) ತಲೆಬುರುಡೆ ಇಡುವ ಪೂಜೆಯ ಜಾಗ. ಸುಮ್ನೆ ಒಂದು ಸುತ್ತು ಹಾಕಿ ಹೊರಗೆ ಬರಬೇಡಿ, ಒಲೆಯ ಹತ್ತಿರ ನಿಂತು ನೋಡಿ. ಒಂದೇ ಸೂರಿನಡಿ ಹಲವು ಸಂಸಾರಗಳಿರುತ್ತಿದ್ದವು. ಬೆಳಗಿನ ಅಡುಗೆ ಒಂದು ಬದಿಯ ಹೆಂಗಸರದು, ಸಂಜೆಯದು ಇನ್ನೊಂದು ಬದಿಯವರದು. ಮನೆ ಹೆಂಗಸರದೇ, ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳದ ಹೊಲವೂ ಅವರದೇ. ವರ್ಷಕ್ಕೆರಡು ಸಲ, ಬೇಸಿಗೆ ಮತ್ತು ಚಳಿಗಾಲದಲ್ಲಿ, ಊರಿಗೆ ಊರೇ ಕಾಡೆಮ್ಮೆ ಬೇಟೆಗೆ ಹೊರಡುತ್ತಿತ್ತು. ಆಗ ವಾಸ ಚರ್ಮದ ಡೇರೆಗಳಲ್ಲಿ.

ಅಲ್ಲೇ ಮೇಲೆ ತೂಗುಹಾಕಿರುವ ಒಂದು ಗಂಟು ಕಾಣುತ್ತದೆ. ಅದು ದೇವರ ಗಂಟು, ಪವಿತ್ರ ವಸ್ತುಗಳನ್ನು ಸುತ್ತಿ ಕಟ್ಟಿಟ್ಟದ್ದು. 1873ರ ಆಗಸ್ಟ್‌ನಲ್ಲಿ ಬೇಟೆಗೆ ಹೋದ ಪಾನೀ ಜನರ ಮೇಲೆ ಅವರ ವೈರಿಗಳಾದ ಸೂ ಬುಡಕಟ್ಟಿನವರು ಬಿದ್ದಾಗ, ತಂದೆಯೊಬ್ಬ ಅದನ್ನು ಮಗಳ ಬೆನ್ನಿಗೆ ಕಟ್ಟಿ ಕುದುರೆ ಹತ್ತಿಸಿ ಕಳಿಸಿದ. ಅದನ್ನು ಮ್ಯೂಸಿಯಂಗೆ ಕೊಟ್ಟದ್ದು ಆಕೆಯ ಮನೆತನದವರೇ. ನಾನು ಅದರ ಫೋಟೋ ತೆಗೆಯಲಿಲ್ಲ, ನೀವೂ ತೆಗೆಯದಿದ್ದರೆ ಒಳ್ಳೆಯದು. ಹೊರಗಿನ ಹಾದಿಯಲ್ಲಿ ನಡೆದರೆ ಹುಲ್ಲಿನ ನಡುವೆ ಗುಂಡಗಿನ ತಗ್ಗುಗಳು ಸಿಗುತ್ತವೆ. ಅವೆಲ್ಲ ಹಿಂದೆ ಮನೆಗಳಿದ್ದ ಜಾಗಗಳು.

ಇಷ್ಟಕ್ಕೇ ನಿಲ್ಲಿಸಿದರೆ ಪಾನೀ ಎಂದರೆ ಅಳಿದುಹೋದ ಜನ ಅನ್ನಿಸಿಬಿಡುತ್ತದೆ. ಹಾಗೇನಿಲ್ಲ. 1870ರ ದಶಕದಲ್ಲಿ ಅವರು ನೆಬ್ರಾಸ್ಕಾ ಬಿಟ್ಟು ಈಗಿನ ಓಕ್ಲಹೋಮಾಗೆ ಹೋಗಬೇಕಾಯಿತು, ಅಷ್ಟೇ. ಅಲ್ಲಿನ ಪಾನೀ ಎಂಬ ಊರಿನಲ್ಲಿ ಪ್ರತಿ ಜುಲೈ ಯೋಧರ ಗೌರವಕ್ಕೆ ಹಾಡು-ಕುಣಿತದ ಹಬ್ಬ ನಡೆಯುತ್ತದೆ, 1946ರಿಂದ ಬಂದ ಪದ್ಧತಿ. ಬಿಸಿಲು ಜಾಸ್ತಿ, ಮಡಚುವ ಕುರ್ಚಿ, ನೀರು ಇರಲಿ. ಎಲ್ಲರೂ ಎದ್ದು ನಿಂತಾಗ ನೀವೂ ನಿಲ್ಲಿ. ಕುಣಿಯುವವರ ಫೋಟೋ ಬೇಕಿದ್ದರೆ ಅವರನ್ನೇ ಕೇಳಿ.