ಇನ್ನೂರು ನಿಮಿಷಗಳ ಲೆಕ್ಕ

ನಮಗೆ ಸಂಖ್ಯಾಶಾಸ್ತ್ರ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ದಿನದಿಂದ ಅವರ ಬಗ್ಗೆ ಬರೆಯಬೇಕೆಂದುಕೊಳ್ಳುತ್ತಲೇ ಇದ್ದೆ. ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಲೇಖನ ಕೇಳಿದ್ದರಿಂದ ಅದಕ್ಕೊಂದು ಅವಕಾಶ ಒದಗಿತು. ಬಿ.ಎಸ್ಸಿ.ಯಲ್ಲಿ ಅವರು ಪಾಠ ಮಾಡಿದ ಸಂಭವನೀಯತೆ, ಸಹಸಂಬಂಧ, ಮಾದರಿ ಸಮೀಕ್ಷೆಗಳ ಸೂತ್ರಗಳಲ್ಲಿ ಬಹುಪಾಲು ಇಂದು ನನ್ನ ನೆನಪಿನಲ್ಲಿಲ್ಲ. ಮರೆಯದೆ ಉಳಿದಿರುವುದು ಪಠ್ಯಕ್ರಮದಲ್ಲಿ ಎಲ್ಲಿಯೂ ಇಲ್ಲದ ಒಂದು ಲೆಕ್ಕ. ಬಾಸ್ಕೆಟ್‌ಬಾಲ್ ಪಂದ್ಯ 40 ನಿಮಿಷಗಳದ್ದು, ಒಂದು ತಂಡದಿಂದ ಐವರು ಮಾತ್ರ ಅಂಕಣದಲ್ಲಿರುತ್ತಾರೆ, ಆದ್ದರಿಂದ ತಂಡಕ್ಕೆ ಹಂಚಿಕೊಳ್ಳಲು ಸಿಗುವುದು ಒಟ್ಟು 200 ನಿಮಿಷ. ಒಬ್ಬಳಿಗೆ ಐದು ನಿಮಿಷ ಹೆಚ್ಚು ಕೊಡಿ ಎನ್ನುವವರು ಆ ಐದು ನಿಮಿಷವನ್ನು ಯಾರಿಂದ ತೆಗೆಯಬೇಕೆಂಬುದನ್ನೂ ಹೆಸರು ಹಿಡಿದು ಹೇಳಬೇಕು. ಮೇಷ್ಟ್ರ ಲೆಕ್ಕ ಇಷ್ಟೇ.

ನಾನು ಓದಿದ್ದು 1995ರಿಂದ 1998ರವರೆಗೆ. ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು ಅಂತರರಾಷ್ಟ್ರೀಯ ನಿಯಮಕ್ಕೆ ಬಂದದ್ದು 2000ದಲ್ಲಿ. ನಮ್ಮ ಕಾಲದಲ್ಲಿ ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿಗಳಿದ್ದವು. ಕಾಲೇಜಿನ ಹಿಂಬದಿಯ ಸಿಮೆಂಟ್ ಕೋರ್ಟಿನಲ್ಲಿ ಹುಡುಗಿಯರ ಅಭ್ಯಾಸ ಬೆಳಿಗ್ಗೆ ಆರಕ್ಕೆ ನಡೆಯುತ್ತಿತ್ತು, ಸಂಜೆಯ ಹೊತ್ತೆಲ್ಲ ಹುಡುಗರ ಪಾಲಾಗಿತ್ತು. ಆದರೂ ಅಂತರಕಾಲೇಜು ಪಂದ್ಯಾವಳಿ ಹತ್ತಿರವಾಯಿತೆಂದರೆ ಇಡೀ ಕಾಲೇಜಿನ ಬಾಯಲ್ಲಿ ಇರುತ್ತಿದ್ದುದು ನಮ್ಮ ತಂಡ, ಏಕೆಂದರೆ ಫೈನಲ್ ತಲುಪುತ್ತಿದ್ದವರು ನಾವು. ಹಾಸ್ಟೆಲಿನ ಊಟದ ಮನೆಯಲ್ಲಿ, ಕ್ಯಾಂಟೀನಿನಲ್ಲಿ, ಬಸ್ ಸ್ಟಾಪಿನಲ್ಲಿ, ಗ್ರಂಥಾಲಯದ ಅಟೆಂಡರ್ ಬಾಯಲ್ಲಿ ಸಹ ಒಂದೇ ವಾದ: ಯಾರನ್ನು ಮೊದಲ ಐವರಲ್ಲಿ ಇಳಿಸಬೇಕು, ಯಾರನ್ನು ಎಷ್ಟು ಹೊತ್ತು ಆಡಿಸಬೇಕು? ಮಂಡ್ಯದಿಂದ ಬಂದಿದ್ದ ಶೂಟರ್ ಪೂರ್ತಿ 40 ನಿಮಿಷ ಕೋರ್ಟಿನಲ್ಲಿರಬೇಕೆಂಬುದು ಬಹುಮತದ ಅಭಿಪ್ರಾಯ. ಅವಳು ಎಲ್ಲಿಂದ ಎಸೆದರೂ ಚೆಂಡು ರಿಂಗಿನೊಳಗೆ ಬೀಳುತ್ತಿತ್ತು. ಆದರೆ ಡಿಫೆನ್ಸ್‌ನಲ್ಲಿ ಅವಳ ಕಾಲು ನಿಧಾನ, ಕೈ ಮುಂದೆ, ಹಾಗಾಗಿ ಫೌಲುಗಳು ಬೇಗ ಕೂಡಿಕೊಳ್ಳುತ್ತಿದ್ದವು; ಐದಾದರೆ ಆಟದಿಂದಲೇ ಹೊರಗೆ. ಹಾಸನದ ಹುಡುಗಿಯೊಬ್ಬಳಿದ್ದಳು; ಬ್ಯಾಸ್ಕೆಟ್ ಹಾಕಿದ್ದು ಅಪರೂಪ, ರಿಂಗಿಗೆ ತಗುಲಿ ಹಿಂದಿರುಗಿದ ಚೆಂಡನ್ನು (ರಿಬೌಂಡ್) ಹಿಡಿಯುವುದು, ಎದುರಾಳಿಗೆ ಅಡ್ಡ ನಿಂತು ನಮ್ಮವರಿಗೆ ದಾರಿ ಮಾಡಿಕೊಡುವುದು ಅವಳ ಕೆಲಸ. ಅವಳನ್ನು ಯಾಕೆ ಇಳಿಸುತ್ತಾರೆಂದೇ ಅನೇಕರಿಗೆ ಅರ್ಥವಾಗುತ್ತಿರಲಿಲ್ಲ. ಪಾಯಿಂಟ್ ಗಾರ್ಡ್ ಆಗಿದ್ದ ನನ್ನ ನಿಮಿಷಗಳ ಬಗ್ಗೆ ಯಾರೂ ತಕರಾರು ತೆಗೆದ ನೆನಪಿಲ್ಲ. ಎದುರಾಳಿಗಳು ಮೈಮೇಲೆ ಬಿದ್ದಾಗಲೂ ಚೆಂಡನ್ನು ಕಾಪಾಡಿ ಮುಂದಕ್ಕೆ ಒಯ್ಯಬಲ್ಲವಳು ಆ ತಂಡದಲ್ಲಿ ನಾನೊಬ್ಬಳೇ ಇದ್ದೆ.

ನಮ್ಮ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕಿ) ಮೇಡಂ ಈ ಗದ್ದಲಕ್ಕೆ ಕಿವಿಗೊಟ್ಟವರಲ್ಲ. ಹಾಸನದ ಹುಡುಗಿಯನ್ನು ಅವರು ಎಂದೂ ಮೊದಲ ಐವರಲ್ಲಿ ಇಳಿಸಲಿಲ್ಲ, ಎಂದೂ ಬೆಂಚಿನ ಮೇಲೆ ಪೂರ್ತಿ ಕೂರಿಸಲೂ ಇಲ್ಲ. ಏಳೆಂಟು ನಿಮಿಷ ಹೊರಗೆ ಕೂತು ನೋಡಿದವಳಿಗೆ ಎದುರಾಳಿಗಳಲ್ಲಿ ಯಾರು ಎಡಕ್ಕೆ ತಿರುಗುತ್ತಾರೆ, ಯಾರ ಉಸಿರು ಕಟ್ಟುತ್ತಿದೆ ಎಂಬುದು ಆಡುತ್ತಿರುವವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದು ಅವರು ಹೇಳುತ್ತಿದ್ದರು. ಸ್ಕೋರ್ ಬರೆಯಲು ಒಬ್ಬರು ಬೇಕೆಂದು ಮೇಷ್ಟ್ರನ್ನು ಮೊದಲು ಕರೆತಂದವರೂ ಅವರೇ. ಬಿಳಿ ಅರ್ಧತೋಳಿನ ಅಂಗಿಯ ಮೇಷ್ಟ್ರು ಸೈಕಲ್ ನಿಲ್ಲಿಸಿ ಮೇಜಿನ ಮುಂದೆ ಕೂರುತ್ತಿದ್ದರು. ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, ರಟ್ಟಿನ ಉದ್ದನೆಯ ಲೆಡ್ಜರ್ ಪುಸ್ತಕವನ್ನು ತೆರೆಯುತ್ತಿದ್ದರು. ಕ್ರೀಡಾ ಸಂಸ್ಥೆಯವರು ಕೊಡುವ ಸ್ಕೋರ್ ಹಾಳೆಯಲ್ಲಿ ಅಂಕ, ಫೌಲು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮೇಷ್ಟ್ರ ಪುಸ್ತಕದಲ್ಲಿ ಪ್ರತಿ ಆಟಗಾರ್ತಿಗೂ ಒಂದು ಸಾಲು. ಅವಳು ಒಳಗೆ ಹೋದ ನಿಮಿಷ, ಆಗಿನ ಎರಡೂ ತಂಡಗಳ ಅಂಕ, ಹೊರಗೆ ಬಂದ ನಿಮಿಷ, ಆಗಿನ ಅಂಕ, ಕೊನೆಯ ಕಲಮಿನಲ್ಲಿ ಇವೆರಡರ ವ್ಯತ್ಯಾಸ ಕೆಂಪು ಪೆನ್ಸಿಲಿನಲ್ಲಿ. ಇಂದು ಟೀವಿಯಲ್ಲಿ ಪ್ಲಸ್-ಮೈನಸ್ ಎಂದು ತೋರಿಸುವ ಅಂಕಿಯನ್ನು ಅವರು ತಾವೇ ಗೆರೆ ಎಳೆದು, ತಾವೇ ಕಂಡುಕೊಂಡು ಬರೆಯುತ್ತಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಂತಿಮ ವರ್ಷದ ಫೈನಲ್‌ಗೆ ಮುಂಚೆ ನಾವು ನಾಲ್ವರು ಗೆಳತಿಯರು ಮಾಡಿದ ಕಿತಾಪತಿಯನ್ನು ಇಲ್ಲಿ ಹೇಳಲೇಬೇಕು. ಪ್ರಾಯೋಗಿಕ ತರಗತಿಯಲ್ಲಿ ಕಾರ್ಬನ್ ಕಾಗದ ಇಟ್ಟು ತಂಡದ ಹನ್ನೆರಡು ಮಂದಿಯ ಹೆಸರುಗಳ ಚೀಟಿಗಳನ್ನು ಬರೆದೆವು. ಪ್ರತಿ ಹೆಸರಿನ ಮುಂದೆ ಅವಳು ಎಷ್ಟು ನಿಮಿಷ ಆಡಬೇಕೆಂದು ತುಂಬಲು ಜಾಗ ಬಿಟ್ಟೆವು. ಮೇಷ್ಟ್ರ ಡ್ರಾಯರಿನಲ್ಲಿದ್ದ ವಿಭಾಗದ ಮೊಹರನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎತ್ತಿಕೊಂಡು ಬಂದು ಎಲ್ಲಕ್ಕೂ ಒತ್ತಿದೆವು. ಕ್ಯಾಂಟೀನಿನವರಿಂದ ಬಿಸ್ಕತ್ತಿನ ಖಾಲಿ ಡಬ್ಬಿ ಪಡೆದು ಮತಪೆಟ್ಟಿಗೆ ಮಾಡಿದೆವು. ಮೊಹರು ಇದ್ದುದರಿಂದ ಎಲ್ಲರೂ ಇದನ್ನು ವಿಭಾಗವೇ ನಡೆಸುತ್ತಿರುವ ಸಮೀಕ್ಷೆಯೆಂದು ನಂಬಿದರು. ಇಬ್ಬರು ಉಪನ್ಯಾಸಕರು ಸಹ ಚೀಟಿ ತುಂಬಿ ಹಾಕಿದರು. ಸಂಜೆಯ ಹೊತ್ತಿಗೆ ಸುದ್ದಿ ಪ್ರಾಂಶುಪಾಲರ ಕೋಣೆಗೆ ಮುಟ್ಟಿ, ಮೊಹರು ಕದ್ದವರು ಯಾರೆಂದು ವಿಚಾರಣೆ ಶುರುವಾಯಿತು. ಮೇಷ್ಟ್ರು ಒಳಗೆ ಹೋಗಿ, ಮಾದರಿ ಸಮೀಕ್ಷೆಯ ಘಟಕಕ್ಕೆ ಇದು ಪ್ರಾಯೋಗಿಕ ಅಭ್ಯಾಸವೆಂದೂ, ಫಲಿತಾಂಶವನ್ನು ತರಗತಿಯಲ್ಲಿ ವಿಶ್ಲೇಷಿಸುವುದಾಗಿಯೂ ಹೇಳಿ ಬಂದರು.

ಮರುದಿನ ಅವರು ನಿಜವಾಗಿಯೂ ವಿಶ್ಲೇಷಿಸಿದರು. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಚೀಟಿಗಳನ್ನು ನಮಗೆಲ್ಲ ಹಂಚಿ, ಪ್ರತಿ ಚೀಟಿಯ ಮೊತ್ತ ತೆಗೆಯಲು ಹೇಳಿದರು. ಇನ್ನೂರಕ್ಕೆ ಸರಿಯಾಗಿ ಕೂಡಿದ ಚೀಟಿ ಒಂದೂ ಇರಲಿಲ್ಲ. ಕೆಲವು 250, ಕೆಲವು 300. ಒಬ್ಬರಂತೂ ಏಳು ಮಂದಿಗೆ ತಲಾ 40 ನಿಮಿಷ ಕೊಟ್ಟಿದ್ದರು. “ಪಂಕ್ತಿಯ ಮೊದಲಲ್ಲೇ ಸೌಟು ತುಂಬ ಪಾಯಸ ಬಡಿಸಿದರೆ ಕೊನೆಯ ಎಲೆಗೆ ಏನಮ್ಮ ಬಡಿಸುತ್ತೀರಿ?” ಎಂದು ಕೇಳಿ, ಎಲ್ಲರೂ ಮೊತ್ತವನ್ನು 200ಕ್ಕೆ ಇಳಿಸಿ ಮತ್ತೆ ಬರೆಯಬೇಕೆಂದರು. ನಾವು ಇಳಿಸುತ್ತಾ ಹೋದೆವು. ಸರದಿಯಂತೆ ಎದ್ದು ನಿಂತು ಯಾರ ನಿಮಿಷ ಕಡಿಮೆ ಮಾಡಿದೆವೆಂದು ಹೇಳಬೇಕಾಗಿ ಬಂದಾಗ, ಇಡೀ ತರಗತಿ ಕಡಿದದ್ದು ಹಾಸನದ ಹುಡುಗಿಯ ನಿಮಿಷಗಳನ್ನು. ಅವಳು ಬೇರೆ ವಿಭಾಗದವಳಾದ್ದರಿಂದ ಅಲ್ಲಿ ಇರಲಿಲ್ಲ. ಆಮೇಲೆ ಮೇಷ್ಟ್ರು ತಮ್ಮ ಲೆಡ್ಜರ್ ತೆರೆದು ಅವಳ ಸಾಲಿನ ಕೆಂಪು ಅಂಕಿಗಳನ್ನು ಓದಿದರು: ಅವಳು ಕೋರ್ಟಿನಲ್ಲಿದ್ದ ಹೊತ್ತಿನಲ್ಲಿ ನಮ್ಮ ಮುನ್ನಡೆ ಬೆಳೆದಿತ್ತು, ಅವಳು ಬಂದು ಕೂತಾಗೆಲ್ಲ ಅದು ಕರಗಿತ್ತು. ನಾವು ಬೆರಗಾಗಿ ನೋಡುತ್ತಿದ್ದಂತೆಯೇ ಇನ್ನೊಂದು ಮಾತು ಸೇರಿಸಿದರು. ಆ ನಿಮಿಷಗಳಲ್ಲಿ ಚೆಂಡು ನನ್ನ ಕೈಯಲ್ಲಿ ಇರುತ್ತಿತ್ತು, ಎದುರು ತಂಡದ ಉತ್ತಮ ಆಟಗಾರ್ತಿಯರು ಕೆಲವೊಮ್ಮೆ ದಣಿವಾರಿಸಿಕೊಳ್ಳುತ್ತಿದ್ದರು, ಆದ್ದರಿಂದ ಆ ಅಂಕಿಯನ್ನು ಅವಳೊಬ್ಬಳ ಖಾತೆಗೆ ಬರೆಯುವುದೂ ತಪ್ಪು ಎಂದರು. ಸಹಸಂಬಂಧಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ತಿಳಿಸಿಲ್ಲ.

ಆ ಫೈನಲ್‌ನಲ್ಲಿ ಮಂಡ್ಯದ ಶೂಟರ್ ಐದು ಫೌಲಾಗಿ ಹೊರಗೆ ಬಂದಳು. ನಾವು ಎರಡು ಅಂಕಗಳಿಂದ ಸೋತೆವು. ಹಾಸನದ ಹುಡುಗಿಯನ್ನು ಇನ್ನಷ್ಟು ಮೊದಲೇ ಇಳಿಸಬೇಕಿತ್ತು ಎನ್ನುವವರು, ಶೂಟರನ್ನು ಮಧ್ಯದಲ್ಲಿ ಕೂರಿಸಿ ಕೊನೆಗೆ ಉಳಿಸಿಕೊಳ್ಳಬೇಕಿತ್ತು ಎನ್ನುವವರು ಇಂದಿಗೂ ನಮ್ಮ ಬ್ಯಾಚಿನಲ್ಲಿದ್ದಾರೆ. ಕಳೆದ ವರ್ಷದ ಪುನರ್ಮಿಲನದಲ್ಲಿ ಮಕ್ಕಳ ಮದುವೆಯ ಮಾತಿಗಿಂತ ಮುಂಚೆ ಇದೇ ಮಾತು ಬಂತು.

ನಾನೀಗ ಅಮೆರಿಕದ ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ ನೆಲೆಸಿದ್ದೇನೆ. ಆಸ್ಪತ್ರೆಯೊಂದರ ದತ್ತಾಂಶ ವಿಭಾಗದ ಮುಖ್ಯಸ್ಥೆ. ಇಲ್ಲಿಯ ವಿಶ್ವವಿದ್ಯಾಲಯದ ಮಹಿಳಾ ತಂಡದ ಪಂದ್ಯಕ್ಕೆ 18,000 ಆಸನಗಳ ಕ್ರೀಡಾಂಗಣ ಬಹುಪಾಲು ತುಂಬುತ್ತದೆ, ಮತ್ತು ಹಾಸ್ಟೆಲಿನ ಊಟದ ಮನೆಯಲ್ಲಿ ಕೇಳಿದ ವಾದವನ್ನೇ ನಾನು ಇಲ್ಲಿ ಬೇರೊಂದು ಭಾಷೆಯಲ್ಲಿ ಕೇಳುತ್ತೇನೆ. 2023ರಿಂದ ಎರಡು ವರ್ಷ ಆ ವಾದದ ಕೇಂದ್ರದಲ್ಲಿದ್ದವಳು ಮಿಲೇಷಿಯಾ ಫುಲ್ವೈಲಿ. ಇದೇ ಊರಿನ ಹುಡುಗಿ. ಮೊದಲ ವರ್ಷದಲ್ಲೇ, 2024ರಲ್ಲಿ, ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಎಸ್‌ಇಸಿ ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾದವಳು. ಆದರೂ ತರಬೇತುದಾರರಾದ ಡಾನ್ ಸ್ಟೇಲಿ ಅವಳನ್ನು ಹೆಚ್ಚಾಗಿ ಬೆಂಚಿನಿಂದಲೇ ಇಳಿಸಿದರು, ಪಂದ್ಯಕ್ಕೆ ಸರಾಸರಿ ಇಪ್ಪತ್ತಕ್ಕೂ ಕಡಿಮೆ ನಿಮಿಷ. ಕಚೇರಿಯಲ್ಲಿ, ನೆರೆಮನೆಯಲ್ಲಿ ಎಲ್ಲರಿಗೂ ಅವಳು ಮೂವತ್ತು ನಿಮಿಷ ಆಡಬೇಕಿತ್ತು. ನಾನು ಕೇಳುತ್ತಿದ್ದುದು ಮೇಷ್ಟ್ರ ಪ್ರಶ್ನೆಯನ್ನೇ: ಗಾರ್ಡುಗಳಲ್ಲಿ ರೇವನ್ ಜಾನ್ಸನ್, ಟಿಹೀನಾ ಪಾವ್‌ಪಾವ್, ಬ್ರೀ ಹಾಲ್, ಟೆಸ್ಸಾ ಜಾನ್ಸನ್ ಇದ್ದಾರಲ್ಲ, ಇವರಲ್ಲಿ ಯಾರ ಹತ್ತು ನಿಮಿಷ ತೆಗೆಯುತ್ತೀರಿ? ಹೆಸರು ಹೇಳುವ ಹೊತ್ತಿಗೆ ವಾದದ ಬಿಸಿ ಇಳಿದು ವಿಚಾರ ಶುರುವಾಗುತ್ತಿತ್ತು. ಪಂದ್ಯ ಮುಗಿದ ಮೇಲೆ ನನ್ನ ಅಭಿಪ್ರಾಯ ಕೇಳಲೆಂದೇ ಬಂದು ಕೂರುವವರು ಇಲ್ಲಿ ಕೆಲವರಿದ್ದಾರೆ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ.

ಬೆಂಚಿನ ಬೆಲೆಗೆ 2024ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಎದುರಾಳಿ ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 30 ಅಂಕ ಗಳಿಸಿದಳು. ಸೌತ್ ಕೆರೊಲಿನಾ 87–75ರಿಂದ ಗೆದ್ದಿತು, ಮತ್ತು ಬದಲಿ ಆಟಗಾರ್ತಿಯರ ಅಂಕಗಳು ಒಂದು ಕಡೆ 37, ಇನ್ನೊಂದು ಕಡೆ ಸೊನ್ನೆ. ಗೆದ್ದ ತಂಡದಲ್ಲಿ ಅತಿ ಹೆಚ್ಚು, ಅಂದರೆ 19 ಅಂಕ ಗಳಿಸಿದ ಟೆಸ್ಸಾ ಜಾನ್ಸನ್ ಬೆಂಚಿನಿಂದ ಬಂದವಳು. ಆ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತದ, ಅಂದರೆ ಫೈನಲ್ ಫೋರ್‌ನ, ಶ್ರೇಷ್ಠ ಆಟಗಾರ್ತಿಯಾದ ಕಮಿಲ್ಲಾ ಕಾರ್ಡೋಸೊ ಹಿಂದಿನ ವರ್ಷ ಅಲಿಯಾ ಬಾಸ್ಟನ್ ಹಿಂದೆ ಬದಲಿಯಾಗಿ ಕಾದಿದ್ದಳು. ಆದರೆ ಕಾಯುವುದಕ್ಕೂ ಈಗ ಬೇರೆ ಅರ್ಥ ಬಂದಿದೆ. ಒಂದು ವರ್ಷ ಸುಮ್ಮನೆ ಕೂರದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಲು 2021ರಿಂದ ಅವಕಾಶವಾದ ಮೇಲೆ, ನಿಮಿಷ ಸಿಗದವಳು ಸಿಗುವ ಕಡೆಗೆ ಹೋಗುತ್ತಾಳೆ. 2025ರ ಫೈನಲ್‌ನಲ್ಲಿ ಕನೆಕ್ಟಿಕಟ್ ಎದುರು 82–59ರಿಂದ ಸೋತ ಕೆಲವೇ ವಾರಗಳಲ್ಲಿ ಫುಲ್ವೈಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಸೇರಲು ನಿರ್ಧರಿಸಿದಳು. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಮೊದಲ ಐವರಲ್ಲಿ ಇರದಿದ್ದರೂ ಪಂದ್ಯದ ಕೊನೆಯ ಐದು ನಿಮಿಷ ಅವಳು ಕೋರ್ಟಿನಲ್ಲಿ ಇರಬೇಕಿತ್ತು ಎಂಬುದು ನನ್ನ ನಿಲುವು, ಮತ್ತು ಆ ಐದು ನಿಮಿಷವನ್ನು ನಾನು ಬ್ರೀ ಹಾಲ್ ಪಾಲಿನಿಂದ ತೆಗೆಯುತ್ತಿದ್ದೆ.

ಯಾರು ಯಾವ ಪಾತ್ರ ವಹಿಸಬೇಕೆಂಬ ಪ್ರಶ್ನೆ ಹೆಂಗಸರ ಬಾಸ್ಕೆಟ್‌ಬಾಲಿನಷ್ಟೇ ಹಳೆಯದು. 1892ರಲ್ಲಿ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಈ ಆಟವನ್ನು ಹುಡುಗಿಯರಿಗೆ ಕಲಿಸಿದಾಗ ಅಂಕಣವನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗದ ಗೆರೆ ದಾಟದಂತೆ ನಿಯಮಿಸಿದರು. ಅಯೋವಾದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರು ಆರಾರು ಮಂದಿಯ ಆಟವನ್ನೇ ಆಡಿದರು. ಮೂವರು ಬ್ಯಾಸ್ಕೆಟ್ ಹಾಕಲು, ಮೂವರು ತಡೆಯಲು, ತಡೆಯುವವಳು ಒಂದು ಸಲವೂ ಎಸೆಯುವ ಹಾಗಿಲ್ಲ. ನಮ್ಮ ಹಾಸನದ ಹುಡುಗಿಗೆ ಅಂಥ ನಿಯಮವಿರಲಿಲ್ಲ, ನೋಡುವವರ ಕಣ್ಣು ಮಾತ್ರ ಹಾಗಿತ್ತು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ ಕಾಲದಲ್ಲಿ ಪಂದ್ಯದ ಅಂಕಪಟ್ಟಿ ತೆರೆದಾಗೆಲ್ಲ ನನ್ನ ಕಣ್ಣು ಅಂಕಕ್ಕಿಂತ ಮೊದಲು ಅವಳ ನಿಮಿಷಗಳ ಕಲಮಿಗೆ ಹೋಗುತ್ತಿತ್ತು.

ಪುನರ್ಮಿಲನಕ್ಕೆ ಬಂದಾಗ ನಮ್ಮ ಕೋರ್ಟಿನ ಮೇಲೆ ದ್ವಿಚಕ್ರ ವಾಹನಗಳು ಸಾಲಾಗಿ ನಿಂತಿದ್ದುದನ್ನು ಕಂಡು ನೋವಾಯಿತು. ಸೆಮಿಸ್ಟರ್, ಇಂಟರ್ನಲ್ಸ್, ಅಸೈನ್‌ಮೆಂಟುಗಳ ನಡುವೆ ಮಕ್ಕಳಿಗೆ ಸಂಜೆಯೇ ಉಳಿದಿಲ್ಲವೆಂದು ಅಧ್ಯಾಪಕರೊಬ್ಬರು ಹೇಳಿದರು, ಪಿ.ಯು. ಹಂತದಲ್ಲಂತೂ ಆಟದ ಪಿರಿಯಡ್ಡನ್ನು ಸಿಇಟಿ ತರಬೇತಿ ನುಂಗಿರುವುದು ಎಲ್ಲೆಡೆ ಕಾಣುವ ಮಾತು. ಅಮೆರಿಕದ ಕಾಲೇಜು ಹುಡುಗಿಯರಿಗೆ ಇಂದು ಸಿಗುವ ಕ್ರೀಡಾಂಗಣಗಳೂ ತಾವಾಗಿ ಸಿಕ್ಕಿದ್ದಲ್ಲ. ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ತಾರತಮ್ಯವನ್ನು ನಿಷೇಧಿಸಿದ ಟೈಟಲ್ ನೈನ್ ಎಂಬ ಕಾನೂನು 1972ರಲ್ಲಿ ಬಂದ ಮೇಲೆ ಸ್ಥಳ, ಹಣ, ಹೊತ್ತು ಎಲ್ಲವನ್ನೂ ಹೊಸದಾಗಿ ಹಂಚಬೇಕಾಯಿತು. ಅಲ್ಲಿಯ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಮಹಿಳೆಯರ ಬಾಸ್ಕೆಟ್‌ಬಾಲ್ ಟೂರ್ನಿ ಶುರುವಾದದ್ದು ಅದಾದ ಹತ್ತು ವರ್ಷಕ್ಕೆ, 1982ರಲ್ಲಿ. ನಮ್ಮಲ್ಲಿ ಕೋರ್ಟನ್ನು ಮತ್ತೆ ತೆರವು ಮಾಡಿ ಬಣ್ಣ ಬಳಿಸುವ ಯೋಚನೆಯಿದೆಯೆಂದು ಕೇಳಿದೆ. ಹಾಗಾದರೆ ಸಂಜೆಯ ಹೊತ್ತಿನಲ್ಲಿ ಅರ್ಧವನ್ನು ಹುಡುಗಿಯರ ತಂಡಕ್ಕೆ ಬಿಡಬೇಕೆಂದು ಆಡಳಿತ ಮಂಡಳಿಯಲ್ಲಿ ನನ್ನ ಕೋರಿಕೆ. ಅದನ್ನು ಯಾರ ಪಾಲಿನಿಂದ ತೆಗೆಯಬೇಕೆಂದರೆ, ಹುಡುಗರ ತಂಡದ ಪಾಲಿನಿಂದ.

ಮೇಷ್ಟ್ರ ಲೆಡ್ಜರ್‌ಗಳು ಅವರ ಮನೆಯಲ್ಲಿ ಜೋಪಾನವಾಗಿವೆ. ಅವುಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಲು ಮನೆಯವರು ಒಪ್ಪಿದ್ದಾರೆ; ಪುಟಗಳನ್ನು ಸ್ಕ್ಯಾನ್ ಮಾಡಿಸಿ ಹೊಸ ರಟ್ಟು ಹಾಕಿಸುವ ಖರ್ಚು ನನ್ನದು. ನಮ್ಮ ಅಂತಿಮ ವರ್ಷದ ಫೈನಲ್ ಬಗ್ಗೆ ಇನ್ನೂ ವಾದಿಸುತ್ತಿರುವ ಗೆಳತಿಯರು ಆ ಪುಟವನ್ನು ತೆರೆದು, ಮಂಡ್ಯದ ಶೂಟರ್ ನಾಲ್ಕನೆಯ ಫೌಲ್ ಮಾಡಿದ ನಿಮಿಷ ಯಾವುದು, ಆಗ ಹಾಸನದ ಹುಡುಗಿ ಎಲ್ಲಿ ಇದ್ದಳು ಎಂಬುದನ್ನು ತಾವೇ ನೋಡಿಕೊಳ್ಳಬಹುದು.