ಅಪ್ಪಯ್ಯನ ಕಂಪ್ಯೂಟರಿಗೆ ನಿಜವಾಗಿ ಏನಾಗಿತ್ತು

"ಪುಟ್ಟಿ, ಇದು ನೀಲಿ ಪರದೆ ಬಿಟ್ಟು ಮುಂದೆ ಹೋಗ್ತಿಲ್ಲ ನೋಡು" ಅಂತ ಅಪ್ಪಯ್ಯ ಫೋನ್ ಮಾಡಿದಾಗ ಬೆಳಗ್ಗೆ ಏಳು ಗಂಟೆ. ಅದಕ್ಕೂ ಮುಂಚೆ ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದು ಬಂದಿದ್ದರು. ಅಲ್ಲಿ ಎರಡು ದಿನ ಇಟ್ಟುಕೊಂಡು, ಮದರ್‌ಬೋರ್ಡ್ ಹೋಗಿದೆ, ಹಳೇ ಮಷೀನು, ಹೊಸದೇ ತಗೊಳ್ಳಿ ಅಂದಿದ್ದರಂತೆ. ಅಪ್ಪಯ್ಯನಿಗೆ ಹೊಸದು ಬೇಡ. ಅದರಲ್ಲಿರುವುದೇ ಬೇಕು.

ಆ ಮಷೀನು ನಾನೇ 2012ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಜೋಡಿಸಿ ತಂದದ್ದು. ಕೋರ್ ಐ3 2120, ಎಚ್61 ಬೋರ್ಡು, 4 ಜಿಬಿ ರ‍್ಯಾಮ್ (ಆಮೇಲೆ ಇನ್ನೊಂದು 4 ಸೇರಿಸಿದ್ದೆ), 500 ಜಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ, ಎಲ್ಲಕ್ಕೂ ಕರೆಂಟು ಹಂಚುವ 450 ವಾಟಿನ ಎಸ್‌ಎಂಪಿಎಸ್. ಹದಿಮೂರು ವರ್ಷ ಮಲೆನಾಡಿನ ಮಳೆ ಕಂಡಿದೆ. ಅದರೊಳಗೆ ಅಪ್ಪಯ್ಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅಡಿಕೆ ಲೆಕ್ಕ, ಸೊಸೈಟಿಯ ವರದಿಗಳು, ಅಜ್ಜಿ ಹೇಳುತ್ತಿದ್ದ ಹಾಡುಗಳು ಎಲ್ಲ ಇವೆ. ರಜೆ ಹಾಕಿ ಊರಿಗೆ ಹೋದೆ.

ಹೋದವಳು ಮೊದಲು ಮಾಡಿದ ಕೆಲಸ ಕಂಪ್ಯೂಟರ್ ಆನ್ ಮಾಡುವುದಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಸಾಟಾ-ಯುಎಸ್‌ಬಿ ಕನ್ವರ್ಟರ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಕಾಯಿಲೆ ಯಾವುದು ಅಂತ ಗೊತ್ತಾಗುವ ಮೊದಲೇ ಹತ್ತು ಸಲ ಆನ್-ಆಫ್ ಮಾಡಿ ನೋಡುವುದು ಎಷ್ಟು ಅಪಾಯ ಅಂತ ಜನ ಯೋಚಿಸುವುದೇ ಇಲ್ಲ. ಡಿಸ್ಕ್ ಕೊನೆಯುಸಿರಿನಲ್ಲಿದ್ದರೆ ಆ ಹತ್ತು ಸಲದಲ್ಲೇ ಹೋಗಬಹುದು ಅಲ್ವಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ, ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ ತೆರೆದರೆ ಹಳದಿ ಬಣ್ಣ, ಅಂದರೆ ಎಚ್ಚರಿಕೆ. ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕದಲ್ಲಿ, 8 ಅಂತ ಇತ್ತು. ಓಡಿದ್ದು ಇಪ್ಪತ್ತೊಂದು ಸಾವಿರ ಗಂಟೆ. ಸಿ7 ಸಾಲಿನಲ್ಲೂ, ಅಂದರೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕದಲ್ಲೂ, ದೊಡ್ಡ ಸಂಖ್ಯೆ ಇತ್ತು, ಆದರೆ ಅದು ಸಾಮಾನ್ಯವಾಗಿ ಡಿಸ್ಕಿನ ತಪ್ಪಲ್ಲ, ಡಿಸ್ಕಿಗೂ ಬೋರ್ಡಿಗೂ ನಡುವಿನ ಕೇಬಲ್ಲಿನದು. ಕೇಬಲ್ ಬದಲಿಸಿದ ಮೇಲೆ ಅದು ಏರುವುದು ನಿಂತರೆ ಅಲ್ಲಿಗೆ ಮುಗೀತು. ಸಿ5 ಮಾತ್ರ ಹಗುರವಾಗಿ ತಗೊಳ್ಳುವಂಥದ್ದಲ್ಲ.

ರಾತ್ರಿ ಹನ್ನೊಂದರವರೆಗೂ ಕಾಪಿ ಆಯಿತು. ನುಡಿಯ ಫಾಂಟುಗಳನ್ನೂ ಜೊತೆಗೇ ತೆಗೆದಿಟ್ಟುಕೊಂಡೆ. ಹಳೇ ನುಡಿ ಫೈಲುಗಳು ಯುನಿಕೋಡ್ ಅಲ್ಲ, ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಉಳಿದು ಫಾಂಟು ಕಳೆದರೆ ಅಪ್ಪಯ್ಯನ ಮಟ್ಟಿಗೆ ಅದು ಉಳಿದ ಹಾಗಲ್ಲ.

ಮಾರನೇ ದಿನ ಡಿಸ್ಕ್ ವಾಪಸ್ ಹಾಕಿ ಆನ್ ಮಾಡಿದೆ. ದಿನಾಂಕ 2011ರ ಜನವರಿ 1. ಎಫ್1 ಒತ್ತು ಅಂತ ಕೇಳಿತು, ಒತ್ತಿದೆ, ವಿಂಡೋಸ್ ಲೋಗೊ ಬಂತು, ಆಮೇಲೆ ನೀಲಿ ಪರದೆ. ಬೂಟ್ ಡಿಸ್ಕ್ ಸಿಗುತ್ತಿಲ್ಲ ಅಂತ ಸಂದೇಶ. ಡಿಸ್ಕ್ ನಿನ್ನೆ ರಾತ್ರಿ ಹನ್ನೊಂದರವರೆಗೂ ನನ್ನ ಲ್ಯಾಪ್‌ಟಾಪಿನಲ್ಲಿ ಓದಿಸಿಕೊಂಡಿದೆ, ಇಲ್ಲಿ ಯಾಕೆ ಸಿಗುವುದಿಲ್ಲ? ಬೋರ್ಡಿನದೇ ಸೆಟ್ಟಿಂಗುಗಳಿರುವ ಬಯೋಸ್ ಒಳಗೆ ಹೋಗಿ ನೋಡಿದರೆ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕನ್ನು ಮಾತಾಡಿಸುವ ರೀತಿ, ಐಡಿಇ ಅಂತ ಇತ್ತು. ನಾನು 2012ರಲ್ಲಿ ವಿಂಡೋಸ್ ಹಾಕುವಾಗ ಎಎಚ್‌ಸಿಐ ಅನ್ನುವ ಇನ್ನೊಂದು ರೀತಿ ಇಟ್ಟಿದ್ದೆ, ಅದು ಚೆನ್ನಾಗಿ ನೆನಪಿದೆ. ವಿಂಡೋಸಿಗೆ ಈ ಮೋಡ್ ಇದ್ದಕ್ಕಿದ್ದಂತೆ ಬದಲಾದರೆ ಡಿಸ್ಕನ್ನು ಮಾತಾಡಿಸುವುದು ಹೇಗೆಂದು ಗೊತ್ತಾಗುವುದಿಲ್ಲ, ನೀಲಿ ಪರದೆ ಹಾಕಿ ನಿಂತುಬಿಡುತ್ತದೆ. ಎಎಚ್‌ಸಿಐ ಮಾಡಿದೆ. ಸಲೀಸಾಗಿ ಎದ್ದಿತು. ಐದು ಸಲ ರೀಸ್ಟಾರ್ಟ್ ಮಾಡಿದೆ, ಐದೂ ಸಲ ಎದ್ದಿತು. ಅಪ್ಪಯ್ಯ ಖುಷಿಯಿಂದ ಕೂತು ಎರಡು ಪತ್ರ ಟೈಪ್ ಮಾಡಿದರು.

ಮರುದಿನ ಬೆಳಗ್ಗೆ ಮತ್ತೆ ನೀಲಿ.

ರಾತ್ರಿಗೂ ಬೆಳಗ್ಗೆಗೂ ನಡುವೆ ಏನು ಬದಲಾಯಿತು ಅಂತ ತಲೆ ಕೆಡಿಸಿಕೊಂಡು ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ಬಿದ್ದಿದ್ದ ಪ್ಲಗ್. ನಮ್ಮ ಕಡೆ ಗುಡುಗು ಶುರುವಾದರೆ ಟಿವಿ, ಕಂಪ್ಯೂಟರ್, ಫೋನ್ ಎಲ್ಲದರ ಪ್ಲಗ್ ಕೀಳುತ್ತಾರೆ, ಕೀಳಲೇಬೇಕು ಕೂಡ, ಸಿಡಿಲಿಗೆ ಎಷ್ಟೋ ಮನೆಗಳಲ್ಲಿ ಟಿವಿ ಸುಟ್ಟಿದ್ದನ್ನು ನೋಡಿದ್ದೇವೆ. ಅಪ್ಪಯ್ಯ ಅಂತೂ ಗುಡುಗು ಇರಲಿ ಬಿಡಲಿ ಮಲಗುವ ಮುಂಚೆ ಪ್ಲಗ್ ಕಿತ್ತೇ ಮಲಗುತ್ತಾರೆ. ವಿಷಯ ಏನಪ್ಪಾ ಅಂದರೆ, ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್ ಇದ್ದು ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟು ಬರುತ್ತಲೇ ಇರುತ್ತದೆ. ಗಡಿಯಾರವೂ ಬಯೋಸ್ ಸೆಟ್ಟಿಂಗೂ ಅದರ ಮೇಲೆ ಬದುಕುತ್ತವೆ. ಪ್ಲಗ್ ಕಿತ್ತರೆ ಮಾತ್ರ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲು, ಸಿಆರ್2032, ಆ ಕೆಲಸಕ್ಕೆ ಬರುತ್ತದೆ. ಅದನ್ನು ತೆಗೆದು ಮಲ್ಟಿಮೀಟರ್ ಹಿಡಿದೆ. 3 ವೋಲ್ಟ್ ಇರಬೇಕಾದ ಕಡೆ 2.1. ರಾತ್ರಿ ಪ್ಲಗ್ ಕಿತ್ತಾಗ ಎಲ್ಲ ಮರೆತು, ಬೆಳಗ್ಗೆ ಕಂಪನಿ ಕೊಟ್ಟ ಐಡಿಇಗೆ ವಾಪಸ್. ಅಂಗಡಿಗೆ ಒಯ್ದಾಗಲೂ ದಾರಿಯುದ್ದಕ್ಕೂ ಕರೆಂಟಿಲ್ಲ, ಅಲ್ಲೂ ನೀಲಿಯೇ ಕಂಡಿದೆ, ಬೋರ್ಡು ಹೋಯಿತು ಅಂದುಬಿಟ್ಟರು.

ಕೇಳಿದರೆ ಅಪ್ಪಯ್ಯ ಹೇಳಿದರು, "ಗಡಿಯಾರ ಆರು ತಿಂಗಳಿಂದ ಹಿಂದೆ ಬೀಳ್ತಿತ್ತು ಮಾರಾಯ್ತಿ, ನಾನೇ ದಿನಾ ಸರಿ ಮಾಡ್ಕೊಳ್ತಿದ್ದೆ." ಬ್ಯಾಂಕಿನ ಪುಟ ತೆರೆಯುವಾಗ ಸುರಕ್ಷಿತವಲ್ಲ ಅಂತ ಬರುತ್ತಿದ್ದದ್ದೂ ಅದಕ್ಕೇ. ದಿನಾಂಕ ತಪ್ಪಿದ್ದರೆ ಬ್ರೌಸರ್ ಆ ಪುಟದ ಸರ್ಟಿಫಿಕೇಟನ್ನು ನಂಬುವುದಿಲ್ಲ. ಪೇಟೆಯಿಂದ ನಲವತ್ತು ರೂಪಾಯಿಯ ಸೆಲ್ಲು ತಂದು ಹಾಕಿದೆ. ಬೋರ್ಡು ಇವತ್ತಿಗೂ ಅದೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಳೇ ಮಷೀನಿಗೆ ಒಂದೇ ಕಾಯಿಲೆ ಇರುವುದಿಲ್ಲ. ನಾಲ್ಕೈದು ಇರುತ್ತವೆ, ಒಂದರ ಲಕ್ಷಣ ಇನ್ನೊಂದರದ್ದರ ಹಾಗೆ ಕಾಣುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದನ್ನು ಮಾತ್ರ ಮುಟ್ಟಬೇಕು ಅಂತ ನಾನು ಹಠ ಹಿಡಿಯುವುದು. ಒಟ್ಟಿಗೆ ರ‍್ಯಾಮೂ ಕೇಬಲ್ಲೂ ಎಸ್‌ಎಂಪಿಎಸ್ಸೂ ಬದಲಿಸಿದರೆ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗದು, ಮುಂದಿನ ತಿಂಗಳು ಮತ್ತೆ ಕೆಟ್ಟಾಗ ಮೊದಲಿಂದ ಶುರು ಮಾಡಬೇಕು.

ಇನ್ನೊಂದು ದೂರು ಇದಕ್ಕಿಂತ ಹಳೆಯದು. ಸಂಜೆ ಹೊತ್ತು ಕೆಲಸ ಮಾಡುತ್ತಿದ್ದ ಹಾಗೆಯೇ ಪಟ್ ಅಂತ ಆರಿಹೋಗುವುದು. ಅಪ್ಪಯ್ಯನಿಗೆ ಒಂದು ಹಳೇ ಲೆಕ್ಕದ ಪುಸ್ತಕ ಕೊಟ್ಟು, ಆರಿದಾಗಲೆಲ್ಲ ಗಂಟೆ ಬರೆಯಿರಿ, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಅದನ್ನೂ ಬರೆಯಿರಿ ಅಂದೆ. ಅವರು ಅಡಿಕೆ ಲೆಕ್ಕ ಬರೆದಷ್ಟೇ ಶ್ರದ್ಧೆಯಿಂದ ಬರೆದರು. ಆ ಪುಟ ನನ್ನ ಹತ್ತಿರ ಇದೆ.

ಸೋಮವಾರ ಸಂಜೆ 7.10, ಆಫ್, ಬಾವಿ ಪಂಪು ಹಾಕಿದ್ದೆ. 7.45, ಆಫ್, ಏನೂ ಇಲ್ಲ, ಲೈಟು ಮಂಕಾಯಿತು. ಮಂಗಳವಾರ ಬೆಳಗ್ಗೆ 7.30, ಆಫ್, ಇವಳು ಮಿಕ್ಸಿ ಹಾಕಿದಳು. ಸಂಜೆ 7.05, ಪಂಪು.

ಇದನ್ನು ಓದಿದ ಮೇಲೆ ಕ್ಯಾಬಿನೆಟ್ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಸಂಜೆ ಏಳಕ್ಕೆ ಮಲ್ಟಿಮೀಟರಿನ ಕಡ್ಡಿಗಳನ್ನು ಪಕ್ಕದ ಪ್ಲಗ್ ಪಾಯಿಂಟಿನಲ್ಲಿ ಹಿಡಿದುಕೊಂಡು ಕೂತೆ. 230 ಇರಬೇಕಾದದ್ದು 188. "ಅಮ್ಮಾ, ಮಿಕ್ಸಿ ಹಾಕು" ಅಂದೆ. 176ಕ್ಕೆ ಇಳಿಯಿತು, ಯುಪಿಎಸ್ ಒಳಗೆ ಟಕ್ ಅಂತ ಶಬ್ದ, ಕಂಪ್ಯೂಟರ್ ಆಫ್. ಯುಪಿಎಸ್ ಕೆಲಸವೇ ಅದು, ವೋಲ್ಟೇಜ್ ಕುಸಿದ ತಕ್ಷಣ ಬ್ಯಾಟರಿಗೆ ಬದಲಾಗುವುದು. ಬದಲಾಯಿತು. ಬ್ಯಾಟರಿಯಲ್ಲಿ ಜೀವ ಇರಲಿಲ್ಲ. ಕಂಪ್ಯೂಟರನ್ನು ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಅದೇ ಮಿಕ್ಸಿ, ಅದೇ ಪಂಪು ಹಾಕಿಸಿದೆ. ಒಂದು ಸಲವೂ ಆರಲಿಲ್ಲ. ಅಂದರೆ ಕಾಪಾಡಲಿ ಅಂತ ಇಟ್ಟ ಪೆಟ್ಟಿಗೆಯೇ ಆರಿಸುತ್ತಿತ್ತು. ಯುಪಿಎಸ್ ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿಯ ಆಯಸ್ಸು ಹೆಚ್ಚೆಂದರೆ ಮೂರು ನಾಲ್ಕು ವರ್ಷ, ನಮ್ಮಲ್ಲಿ ಕರೆಂಟು ಹೋಗುವ ಲೆಕ್ಕಕ್ಕೆ ಇನ್ನೂ ಕಡಿಮೆ. ನಿಮ್ಮ ಮನೆಯದನ್ನು ನೋಡಬೇಕಿದ್ದರೆ ಕಂಪ್ಯೂಟರ್ ಇಟ್ಟುಕೊಂಡು ನೋಡಬೇಡಿ. 60 ವಾಟಿನ ಹಳೇ ಬಲ್ಬು ಒಂದನ್ನು ಯುಪಿಎಸ್ಸಿಗೆ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ನಮ್ಮದು ಎರಡು ಸೆಕೆಂಡಿಗೆ ಆರಿತು. ಹೊಸ ಬ್ಯಾಟರಿ ಹಾಕಿದ ಮೇಲೆ ಅದೇ ಬಲ್ಬು ಹತ್ತು ನಿಮಿಷ ದಾಟಿ ಉರಿಯಿತು.

ಆಮೇಲೆ ಮೂರು ದಿನ ಎಲ್ಲ ಚೆನ್ನಾಗಿತ್ತು. ನಾಲ್ಕನೇ ದಿನ ಮಧ್ಯಾಹ್ನ ತಂಗಿಯ ಜೊತೆ ವಿಡಿಯೊ ಕಾಲ್ ಮಾಡುವಾಗ ಮೊದಲು ಮಾತು ಎಳೆದೆಳೆದು ಬಂತು, ಆಮೇಲೆ ಆಫ್. ವೋಲ್ಟೇಜ್ ಆಗ 225 ಇತ್ತು. ಹೀಗೆ ಮೊದಲು ನಿಧಾನವಾಗಿ ಆಮೇಲೆ ಆರಿದರೆ ನನ್ನ ಅನುಮಾನ ಶಾಖದ ಮೇಲೆ. ಪ್ರೊಸೆಸರ್ ಬಿಸಿಯಾದಾಗ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಗಲೂ ತಾಳದಿದ್ದರೆ ಆಫ್ ಆಗುತ್ತದೆ. ಸುಮ್ನೆ ಆನ್ ಮಾಡಿಟ್ಟರೇ 65 ಡಿಗ್ರಿ, ವಿಡಿಯೊ ಹಾಕಿದರೆ 90 ದಾಟುತ್ತಿತ್ತು.

ಕ್ಯಾಬಿನೆಟ್ ಪಕ್ಕದ ತಗಡು ತೆಗೆದರೆ ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಎಸ್‌ಎಂಪಿಎಸ್ ಫ್ಯಾನಿನ ಜಾಲರಿಗೆ ಅಂಟಿಕೊಂಡು ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಪುಟ್ಟ ಮಡಕೆಯ ಹಾಗೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಒಣಗಿದ್ದು. ಪ್ರೊಸೆಸರಿನ ಮೇಲಿನ ಫ್ಯಾನನ್ನು ಬೆರಳಿನಿಂದ ಅಲುಗಾಡಿಸಿದಾಗ ಹೀಟ್‌ಸಿಂಕ್ ಇಡಿಯಾಗಿ ಒಂದು ಕಡೆ ಎದ್ದಿತು. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಬೋರ್ಡಿನಿಂದ ಬಿಟ್ಟುಕೊಂಡಿತ್ತು. ತೆಗೆದು ನೋಡಿದರೆ ನಡುವೆ ಶಾಖ ದಾಟಿಸಲು ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಒರೆಸಿ, ಹೊಸ ಪೇಸ್ಟ್ ಒಂದು ಬಟಾಣಿಯಷ್ಟು ಇಟ್ಟು, ಕಾಲುಗಳನ್ನು ಅಡ್ಡಡ್ಡಲಾಗಿ ಎದುರುಬದುರು ಒತ್ತಿ ಕೂರಿಸಿದೆ. ನಾಲ್ಕೂ ಕಾಲು ಟಕ್ ಅಂತ ಕೂತದ್ದನ್ನು ಕಿವಿಯಲ್ಲಿ ಕೇಳಬೇಕು, ಆಮೇಲೆ ಬೋರ್ಡಿನ ಹಿಂಬದಿಯಿಂದ ಕಣ್ಣಲ್ಲೂ ನೋಡಬೇಕು. ಉಷ್ಣತೆ 40ಕ್ಕೆ ಇಳಿಯಿತು, ವಿಡಿಯೊ ಹಾಕಿದರೂ 60ರ ಒಳಗೆ.

ಬಿಚ್ಚಿದ ಕೈಯಲ್ಲಿ ರ‍್ಯಾಮ್ ತೆಗೆದು ಹಾಕಿದ್ದರಿಂದ ಇರಬೇಕು, ಜೋಡಿಸಿದ ಮೇಲೆ ಪರದೆಯೇ ಬರಲಿಲ್ಲ. ಅಪ್ಪಯ್ಯನ ಮುಖ ಸಣ್ಣದಾಯಿತು. ಇಂಥ ಹೊತ್ತಿನಲ್ಲಿ ನಾನು ಎರಡೂ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡುತ್ತೇನೆ. ಬೋರ್ಡಿನ ಸ್ಪೀಕರ್ ಉದ್ದುದ್ದ ಬೀಪ್ ಮಾಡಿತು. ರ‍್ಯಾಮ್ ಇಲ್ಲ ಅಂತ ಕೂಗಲು ಪ್ರೊಸೆಸರೂ ಬೋರ್ಡೂ ಎರಡೂ ಬದುಕಿರಬೇಕು, ಹಾಗಾಗಿ ಆ ಬೀಪ್ ಕೇಳಿದರೆ ಅರ್ಧ ಭಾರ ಇಳಿದ ಹಾಗೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಕೊಡವಿ, ಸ್ಲಾಟಿಗೆ ಬ್ರಷ್ ಆಡಿಸಿ ಒಂದೊಂದೇ ಹಾಕಿದೆ. ಬಂತು. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದೆ, ಒಂದೂ ಎರರ್ ಇಲ್ಲ.

ಆದರೂ ವಿಡಿಯೊ ಕಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ರೀಸ್ಟಾರ್ಟ್ ಆಗುವುದು ಉಳಿಯಿತು. ಈ ಸಲ ನಿಧಾನ ಆಗುವುದೇನೂ ಇಲ್ಲ, ಸೀದಾ ರೀಸ್ಟಾರ್ಟ್. ಬೇರೆಲ್ಲ ನೋಡಿಯಾಗಿತ್ತು, ಉಳಿದದ್ದು ಎಸ್‌ಎಂಪಿಎಸ್. ಅದರ ಹಸಿರು ತಂತಿಗೂ ಕಪ್ಪು ತಂತಿಗೂ ಪಿನ್ನು ಸಿಕ್ಕಿಸಿದಾಗ ಫ್ಯಾನ್ ತಿರುಗಿತು, ಆದ್ದರಿಂದ ಎಸ್‌ಎಂಪಿಎಸ್ ಸರಿ ಇದೆ ಅಂತ ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಎದ್ದು ಕೂರುತ್ತದೆ ಅಂತಷ್ಟೇ ಅದರಿಂದ ಗೊತ್ತಾಗುವುದು, ಭಾರ ಹೊರುತ್ತದೋ ಇಲ್ಲವೋ ಗೊತ್ತಾಗದು. ಕಂಪ್ಯೂಟರ್ ಓಡುತ್ತಿರುವಾಗಲೇ ಖಾಲಿ ಇರುವ ಪವರ್ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಯ ನಡುವೆ ಅಳೆಯಬೇಕು. ಸುಮ್ಮನಿದ್ದಾಗ 11.9, ವಿಡಿಯೊ ಶುರು ಮಾಡಿದಾಗ 11.2. 12 ವೋಲ್ಟ್ ತಂತಿ ಶೇಕಡಾ 5ಕ್ಕಿಂತ ಜಾಸ್ತಿ ಆಚೀಚೆ ಆಗಬಾರದು, ಅಂದರೆ 11.4ರ ಕೆಳಗೆ ಹೋಗಬಾರದು. ಹದಿಮೂರು ವರ್ಷ ಕಡಿಮೆ ವೋಲ್ಟೇಜಿನಲ್ಲಿ, ಗಾಳಿಯ ದಾರಿ ಮುಚ್ಚಿಕೊಂಡು ಕಾದದ್ದರಿಂದ ಒಳಗಿನ ಕೆಪಾಸಿಟರ್‌ಗಳು ಸೋತಿದ್ದವು ಅಂತ ನನ್ನ ಲೆಕ್ಕ. ಬಿಚ್ಚಿ ನೋಡಲಿಲ್ಲ, ನೀವೂ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು, ಜೀವಕ್ಕೇ ಅಪಾಯ. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಅದೇ ವಿಡಿಯೊ ಕಾಲಿನಲ್ಲಿ 12.05 ತೋರಿಸಿತು, ಅಲುಗಾಡಲಿಲ್ಲ.

ಕೊನೆಗೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂತು, ಸಾಟಾ ಕೇಬಲ್ಲೂ ಹೊಸದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಈ ಪ್ರೊಸೆಸರಿಗೆ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಬ್ಯಾಂಕಿನ ಕೆಲಸಕ್ಕೆ ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ, ನುಡಿಗೆ ಮಾತ್ರ ಇಂಟರ್‌ನೆಟ್ ಇಲ್ಲದ ವಿಂಡೋಸ್ ಅಂತ ಎರಡನ್ನೂ ಹಾಕಿಕೊಟ್ಟೆ. ಹಳೇ ಡಿಸ್ಕನ್ನು ಅಪ್ಪಯ್ಯ ಎಸೆಯಲು ಬಿಡಲಿಲ್ಲ, ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ.

ಲೆಕ್ಕದ ಪುಸ್ತಕ ಈಗಲೂ ಕೀಬೋರ್ಡಿನ ಪಕ್ಕದಲ್ಲೇ ಇದೆ. ಮೊನ್ನೆ ಅದರ ಫೋಟೊ ಕಳಿಸಿದ್ದರು. ಹದಿನಾರು ದಿನದ ದಿನಾಂಕಗಳ ಮುಂದೆ "ಏನೂ ಇಲ್ಲ" ಅಂತ ಬರೆದಿದೆ. ಹದಿನೇಳನೆಯದರ ಮುಂದೆ, "ಎದುರಿನ ಯುಎಸ್‌ಬಿ ತೂತಿಗೆ ಪೆನ್‌ಡ್ರೈವ್ ಹಾಕಿದರೆ ಕಾಣುವುದಿಲ್ಲ, ಹಿಂದಿನದಕ್ಕೆ ಹಾಕಿದರೆ ಕಾಣುತ್ತದೆ. ಪುಟ್ಟಿ ಬಂದಾಗ ನೋಡುವುದು."