ಊರೇ ಕಟ್ಟಿದ ಶಾಲೆ

ಮೂಡಿಗೆರೆ ಸೀಮೆಯ ಹಳೆಯ ಹಳ್ಳಿ ಶಾಲೆಗಳನ್ನು ಸರ್ಕಾರ ಕಟ್ಟಿಸಿದ್ದೆಂದು ಈಗ ಹಗುರವಾಗಿ ಹೇಳಿಬಿಡುತ್ತೇವೆ. ನಮ್ಮ ಕಡೆಯ ಹಿರಿಯರಿಂದ ನಾನು ಕೇಳಿದ್ದು ಬೇರೆ: ಮೇಷ್ಟರ ಸಂಬಳ ಸರ್ಕಾರದ್ದು, ಕಟ್ಟಡ ಊರಿನದು. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂದಿತ್ತು, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಆಯಿತು. ಆದರೂ ಮೂಲೆಯ ಊರುಗಳ ಮಕ್ಕಳು ಬಹಳ ಕಾಲ ದೇವಸ್ಥಾನದ ಹಜಾರದಲ್ಲೋ ಪಟೇಲರ ಮನೆಯ ಜಗಲಿಯಲ್ಲೋ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು.

ಶಾಲೆ ಕಟ್ಟಬೇಕೆಂದು ತೀರ್ಮಾನವಾದರೆ ಮೊದಲ ವಸೂಲಿ ನಡೆಯುತ್ತಿದ್ದದ್ದು ಸುಗ್ಗಿಯ ಕಣದಲ್ಲಿ. ಭತ್ತ ಅಳೆಯುವಾಗಲೇ ಮನೆಮನೆಯ ಪಾಲು ಕೊಳಗದ ಲೆಕ್ಕದಲ್ಲಿ ಪಕ್ಕಕ್ಕೆ ಬೀಳುತ್ತಿತ್ತು. ಆಚಾರಿಯ ಕೂಲಿಯೂ ಗೋಡೆ ಇಡುವವರ ಕೂಲಿಯೂ ಆ ರಾಶಿಯಿಂದಲೇ ಸಲ್ಲುತ್ತಿತ್ತು. ಕಣದಲ್ಲಿ ಕೇಳಿದ್ದು ಜಾಣತನವೆಂದೇ ನನ್ನ ಎಣಿಕೆ, ಏಕೆಂದರೆ ಪಣತಕ್ಕೆ, ಅಂದರೆ ಮನೆಯ ಕಣಜಕ್ಕೆ, ಹೋದ ಭತ್ತವನ್ನು ಮತ್ತೆ ಹೊರಗೆ ತೆಗೆಸುವುದು ಸುಲಭವಲ್ಲ.

ಅಲ್ಲಿಂದ ಮುಂದೆ ಕೆಲಸವನ್ನು ನಡೆಸಿದ್ದು ಮಣ್ಣು ಮತ್ತು ಮಳೆ. ಕಾಡುಗಲ್ಲಿನ ಅಡಿಪಾಯದ ಮೇಲೆ ಏಳುವ ಗೋಡೆಗೆ ಕೆಮ್ಮಣ್ಣನ್ನು ಗುಂಡಿಯಲ್ಲಿ ನೆನೆಸಿ, ಕೊಳೆಸಿ, ಕೋಣಗಳಿಂದ ತುಳಿಸಿ, ಉಂಡೆಗಟ್ಟಿ ಒಂದು ವರಸೆ ಇಟ್ಟರೆ, ಅದು ಬಿಗಿಯುವವರೆಗೆ ಮೇಲಿನ ವರಸೆಗೆ ಕೈಹಾಕುವಂತಿರಲಿಲ್ಲ. ಅವಸರಪಟ್ಟರೆ ಗೋಡೆ ಹೊಟ್ಟೆ ಬಿಡುತ್ತಿತ್ತು. ತಡಮಾಡಿದರೆ ರೋಹಿಣಿ, ಮೃಗಶಿರ ಮಳೆಗಳು ಬಂದು ಮಾಡು ಕಾಣದ ಗೋಡೆಯನ್ನು ಕರಗಿಸುತ್ತಿದ್ದವು. ಗಂಧ, ಬೀಟೆ ಮರಗಳು ಸರ್ಕಾರದ ಸೊತ್ತಾಗಿದ್ದರಿಂದ ಅವನ್ನು ಮುಟ್ಟುವಂತಿರಲಿಲ್ಲ; ಬಾಗಿಲಿಗೆ ಯಾರದೋ ಹಿತ್ತಿಲ ಹಲಸು, ತೊಲೆಗೆ ನಂದಿ ಅಥವಾ ಮತ್ತಿ, ರೀಪಿಗೆ ಅಡಿಕೆ ದಬ್ಬೆ ಒದಗುತ್ತಿದ್ದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲೇ ಹೆಂಚಿನ ಕಾರ್ಖಾನೆ ತೆರೆದಿದ್ದರು, ಆದರೆ ಆ ಹೆಂಚು ಚಾರ್ಮಾಡಿ ಘಾಟಿಯನ್ನು ಎತ್ತಿನ ಗಾಡಿಯಲ್ಲಿ ಹತ್ತಿ ಬರಬೇಕಿತ್ತು. ಆದ್ದರಿಂದ ಅನೇಕ ಶಾಲೆಗಳ ಮೊದಲ ಮಾಡು ಹುಲ್ಲಿನದೋ ಸೋಗೆಯದೋ ಆಗಿತ್ತು.

ಭತ್ತ ಕೊಟ್ಟ ಮನೆಗಳ ಹೆಸರು ಊರಿನ ನೆನಪಿನಲ್ಲಿದೆ. ಗದ್ದೆಯಿಲ್ಲದ, ಭತ್ತದ ಬದಲು ಮೈಮುರಿದು ದುಡಿದವರ ಹೆಸರನ್ನು ನಾನು ಕೇಳಿದರೆ "ಕೇರಿಯವರು" ಎಂಬಷ್ಟೇ ಉತ್ತರ ಸಿಗುತ್ತದೆ. ಜಾತಿಯ ಕಾರಣಕ್ಕೆ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳದಿರುವಂತಿಲ್ಲವೆಂದು ಮೈಸೂರು ಸರ್ಕಾರ 1915ರಲ್ಲೇ ಆದೇಶಿಸಿತ್ತು. ಆದರೂ ಆ ಗೋಡೆಯ ಮಣ್ಣು ಹೊತ್ತವರ ಮಕ್ಕಳು ಮೊದಮೊದಲು ಪಾಠ ಕೇಳಿದ್ದು ಹೊರಜಗಲಿಯಲ್ಲಿ ಕುಳಿತು ಎಂದು ನಮ್ಮಲ್ಲಿ ವಯಸ್ಸಾದವರು ಹೇಳುತ್ತಾರೆ, ಅದೂ ಸ್ವಲ್ಪ ದನಿ ತಗ್ಗಿಸಿಯೇ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ, ಊರು ಒಗ್ಗಟ್ಟಾಗಿ ಕಟ್ಟಿತೆಂಬ ಮಾತಿನಲ್ಲಿ ಇದು ಸುಲಭವಾಗಿ ಮರೆಯಾಗುತ್ತದೆ.

ಕಟ್ಟಿ ಮುಗಿದ ಮೇಲೂ ಊರಿಗೆ ಬಿಡುವಿರಲಿಲ್ಲ. ಪ್ರತಿ ಬೇಸಿಗೆಯ ಕೊನೆಗೆ ಮಾಡು ಕೈಯಾಡಿಸಬೇಕು, ನೆಲ ಸಾರಿಸಬೇಕು, ಇರಚಲು ಹೊಡೆಯುವ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು; ಈ ಕೆಲಸಗಳಿಗೂ ಮನೆಗೊಂದಾಳು ಸರದಿಯಂತೆ ಬರುವುದೆಂದು ಗೊತ್ತುಮಾಡಿಕೊಂಡಿದ್ದರು.